ಕೋಡಿ ಬೀಳಬಾರದ ಕೆರೆ

ಕಳೆದ ಸಂಚಿಕೇಲಿ ಮಾತಿನ ಮಧ್ಯೆ ಒಂದು ಸಾಲು ಬರೆದಿದ್ದೆ, ಯುರೇನಿಯಂ ಅದಿರು ಅರೆಯೋ ಪ್ಲಾಂಟ್‌ನ ನೀರಿನ ಸೆಕ್ಷನ್ನಲ್ಲಿದ್ದಾಗ ನಾವು ರೇಡಿಯೇಷನ್‌ಗಿಂತ ಮಳೆಗೇ ಜಾಸ್ತಿ ಹೆದರ್ತಿದ್ವಿ ಅಂತ. ಅಷ್ಟಕ್ಕೇ ಕಾಗದ, ವಾಟ್ಸಾಪ್ ಎಲ್ಲಾ ಸೇರಿ ಒಂದು ರಾಶಿ ಬಂದಿದೆ. ಅಡಿಕೆ ಕೊಳೆರೋಗದ ಪ್ರಶ್ನೆ ಕಳಿಸಿದವರು ಬೇಜಾರು ಮಾಡ್ಕೋಬೇಡಿ, ಅದು ಮುಂದಿನ ಸಲ. ಇನ್ನೊಂದು ಮಾತು ಮೊದಲೇ ಹೇಳಿಬಿಡ್ತೀನಿ, ಇಲ್ಲಾಂದ್ರೆ ನಾಳೆ ಬೆಳಿಗ್ಗೆ ಟೀ ಅಂಗಡೀಲಿ ಬೇರೇನೇ ಕಥೆ ಆಗುತ್ತೆ: ಬಾಬಾಬುಡನ್ ಸಾಲಿನ ಬುಡದ ಹಳೇ ಬಂಡೆಗಳಲ್ಲಿ ಒಂಚೂರು ಯುರೇನಿಯಂ ಇದೆ ಅಂತ ಭೂವಿಜ್ಞಾನಿಗಳು ಬರೆದಿಟ್ಟಿರೋದು ನಿಜ, ಆದ್ರೆ ನಮ್ಮ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೇಲಿ ಯುರೇನಿಯಂ ಗಣಿನೂ ಇಲ್ಲ ಪ್ಲಾಂಟೂ ಇಲ್ಲ. ಇರೋದು ಜಾರ್ಖಂಡ್‌ನ ಜಾದೂಗುಡ, ತುರಾಮ್‌ಡೀಹ್ ಕಡೆ, ಆಂಧ್ರದಲ್ಲಿ ಕಡಪ ಜಿಲ್ಲೆ ತುಮ್ಮಲಪಲ್ಲೀಲಿ. ನಮ್ಮ ರಾಜ್ಯದಲ್ಲಿ ಅದಿರು ಸಿಕ್ಕಿದೆ ಅಂತ ಹೆಸರು ಕೇಳಿಬರೋದು ಯಾದಗಿರಿ ಜಿಲ್ಲೆ ಗೋಗಿದು.

ಪ್ರಶ್ನೆ: ಸಾರ್, ನನ್ನ ಮಗ ಸಿವಿಲ್ ಇಂಜಿನಿಯರ್. ಜಾರ್ಖಂಡ್ ಕಡೆ ಯುರೇನಿಯಂ ಪ್ಲಾಂಟಿನಲ್ಲಿ ಕೆಲಸ ಸಿಕ್ಕಿದೆ. ಏನು ಕೆಲಸ ಅಂದ್ರೆ "ಮಳೆ ನೀರು ನೋಡ್ಕೊಳ್ಳೋದು" ಅಂತಾನೆ. ಮಳೆ ನೀರು ತಾನಾಗೇ ಹರಿದು ಹೋಗಲ್ವಾ, ಅದಕ್ಕೊಬ್ಬ ಇಂಜಿನಿಯರ್ ಬೇಕಾ? ನಮ್ಮನೆಯವರಂತೂ ಇವನು ಏನೋ ಮುಚ್ಚಿಡ್ತಿದ್ದಾನೆ ಅಂತ ಕೂತಿದ್ದಾರೆ. (ಸಕಲೇಶಪುರ ಹತ್ತಿರದ ಒಬ್ಬ ತಾಯಿ)

ಉತ್ತರ: ಅಮ್ಮಾ, ಮಗ ನಿಜಾನೇ ಹೇಳಿದ್ದಾನೆ, ಯಜಮಾನರಿಗೆ ಹೇಳಿ. ಅಲ್ಲಿ ತಾನಾಗೇ ಹರಿದು ಹೋಗಬಾರದು ಅನ್ನೋದಕ್ಕೇ ಅವನಿಗೆ ಸಂಬಳ.

ಪ್ಲಾಂಟಲ್ಲಿ ಏನು ನಡೆಯುತ್ತೆ ಅಂತ ಸ್ವಲ್ಪ ಹೇಳ್ತೀನಿ. ಕಲ್ಲು ತರ್ತಾರೆ, ರಾಗಿ ಹಿಟ್ಟಿನ ಥರ ನುಣ್ಣಗೆ ಅರೀತಾರೆ, ಸಲ್ಫ್ಯೂರಿಕ್ ಆಸಿಡ್ ಹಾಕಿ ಯುರೇನಿಯಂ ಕರಗಿಸಿ ತೆಗೀತಾರೆ, ಕೊನೆಗೆ ಹಳದಿ ಪುಡಿ ಬರುತ್ತೆ, ಯೆಲ್ಲೋಕೇಕ್ ಅಂತಾರೆ. ಜಾರ್ಖಂಡ್ ಅದಿರಲ್ಲಿ ಯುರೇನಿಯಂ 0.1 ಪರ್ಸೆಂಟ್ ಕೂಡ ಇರಲ್ಲ, ಅಂದ್ರೆ ಒಂದು ಟನ್ ಕಲ್ಲು ಅರೆದ್ರೂ ಒಂದು ಕೇಜಿ ಸಿಗಲ್ಲ. ಮಿಕ್ಕಿದ್ದೆಲ್ಲಾ ನೀರು ಬೆರೆತ ಕೆಸರು, ಟೇಲಿಂಗ್ಸ್ ಅಂತಾರೆ, ಅದನ್ನ ದೊಡ್ಡ ಏರಿ ಕಟ್ಟಿ ಕೆರೆ ಥರ ನಿಲ್ಲಿಸ್ತಾರೆ. ಜನ ಏನಂದ್ಕೊಂಡಿದ್ದಾರೆ ಅಂದ್ರೆ ಯುರೇನಿಯಂ ತೆಗೆದ ಮೇಲೆ ಉಳಿದಿದ್ದು ಬರೀ ಮಣ್ಣು ಅಂತ. ಅಲ್ಲ. ಕಲ್ಲಲ್ಲಿದ್ದ ಒಟ್ಟು ವಿಕಿರಣದಲ್ಲಿ ಸುಮಾರು 85 ಪರ್ಸೆಂಟ್ ಆ ಕೆಸರಲ್ಲೇ ಉಳಿಯುತ್ತೆ, ಯಾಕಂದ್ರೆ ರೇಡಿಯಂ, ಥೋರಿಯಂ ಎಲ್ಲಾ ಅಲ್ಲೇ ಇರುತ್ತೆ. ರೇಡಿಯಂ ಅರ್ಧಕ್ಕೆ ಇಳಿಯೋಕೇ 1,600 ವರ್ಷ ಬೇಕು. ಬಂಡೆಯೊಳಗೆ ಇದ್ದಾಗ ಅದು ತೆಪ್ಪಗೆ ಕೂತಿತ್ತು, ಈಗ ಹಿಟ್ಟಾಗಿದೆ, ಹಿಟ್ಟಿನ ಮೇಲೆ ಮಳೆ ಬಿದ್ರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳ್ಬೇಕಾ.

ಕೆರೆ ಒಂದೇ ಆಗಿದ್ರೆ ಸುಲಭ ಇತ್ತು. ಅದಿರು ಸುರಿಯೋ ಯಾರ್ಡ್, ಕನ್ವೇಯರ್ ಬೆಲ್ಟ್ ಕೆಳಗೆ ಉದುರೋ ಪುಡಿ, ಟಿಪ್ಪರ್ ಟೈರಿಗೆ ಅಂಟ್ಕೊಂಡು ಮೇನ್ ಗೇಟ್‌ವರೆಗೂ ಬರೋ ಮಣ್ಣು, ಆಸಿಡ್ ಟ್ಯಾಂಕ್ ಸುತ್ತ ಇರೋ ಕಟ್ಟೆ, ಇಷ್ಟೂ ಕಡೆ ಮಳೆ ಬೀಳುತ್ತೆ. ಕ್ರಷರ್ ಶೆಡ್ಡಿನ ಮಾಡಿನ ನೀರಂತೂ ನೋಡೋಕೆ ಕ್ಲೀನ್, ನಮ್ಮೂರಲ್ಲಾಗಿದ್ರೆ ಹಂಡೆ ಇಟ್ಟು ಹಿಡೀತಿದ್ವಿ, ಆದ್ರೆ ಬೇಸಿಗೆ ಪೂರ್ತಿ ಕೂತ ಅದಿರಿನ ಧೂಳೆಲ್ಲಾ ಮೊದಲ ಮಳೆಗೇ ಇಳಿಯುತ್ತೆ. ಅದಕ್ಕೆ ಮೊದಲ ಮಳೆ ನೀರೇ ಎಲ್ಲಕ್ಕಿಂತ ಕೊಳೆ, ಅದನ್ನೇ ಮೊದಲು ಹಿಡೀಬೇಕು.

ಮಗನ ಕೆಲಸ ಏನಂದ್ರೆ ಮೂರು ಥರದ ನೀರು ಒಂದಕ್ಕೊಂದು ಸೇರದ ಹಾಗೆ ನೋಡ್ಕೊಳ್ಳೋದು: ಗುಡ್ಡದಿಂದ ಬರೋ ಒಳ್ಳೇ ನೀರು, ಯಾರ್ಡ್ ಮೇಲೆ ಬಿದ್ದು ಕೆಸರಾದ ನೀರು, ಪ್ಲಾಂಟಿನ ಒಳಗಿನ ಆಸಿಡ್ ನೀರು. ಇದ್ರಲ್ಲಿ ನಾಜೂಕಿನ ಕೆಲಸ ಮೊದಲನೇದೇ. ಪ್ಲಾಂಟಿನ ಮೇಲ್ಭಾಗದಲ್ಲಿ ಗುಡ್ಡದ ಅಡ್ಡಕ್ಕೆ ಒಂದು ಕಾಲುವೆ ತೆಗೆದು, ಹಾರದ ಥರ ಸುತ್ತ ಬಳಸಿ, ಒಳ್ಳೇ ನೀರು ಒಳಗೆ ಕಾಲೇ ಇಡದ ಹಾಗೆ ಹಳ್ಳಕ್ಕೆ ಬಿಡೋದು, ಗಾರ್ಲೆಂಡ್ ಡ್ರೈನ್ ಅನ್ನೋದು ಇದನ್ನೇ. ನಿಮ್ಮ ತೋಟದಲ್ಲಿ ಮೇಲಿನ ಗುಡ್ಡದ ನೀರು ಕಣಕ್ಕೆ ನುಗ್ಗದ ಹಾಗೆ ಅಗಳು ತೆಗೀತೀರಲ್ಲ, ಅದೇ.

ಒಂದು ಸಲ ನಾನೇ ಕಂಡಿದ್ದು, ಎಲ್ಲಿ ಅಂತ ಬೇಡ. ಆಸಿಡ್ ಟ್ಯಾಂಕ್ ಸುತ್ತ ಕಟ್ಟೆ ಇರುತ್ತೆ, ಟ್ಯಾಂಕ್ ಒಡೆದ್ರೆ ಪೂರ್ತಿ ಹಿಡೀಲಿ ಅಂತ ಟ್ಯಾಂಕಿನ 110 ಪರ್ಸೆಂಟ್ ಅಳತೆಗೆ ಕಟ್ಟಿರ್ತಾರೆ. ಮಳೆ ಬಂದು ಕಟ್ಟೆ ಅರ್ಧ ತುಂಬ್ತು, ಯಾರೋ ವಾಲ್ವ್ ತೆಗೆದು ನೀರು ಬಿಟ್ರು, ಶಿಫ್ಟ್ ಮುಗೀತು, ಮನೆಗೆ ಹೋದ್ರು. ವಾಲ್ವ್ ಹನ್ನೊಂದು ದಿನ ತೆಗೆದೇ ಇತ್ತು. ಪುಣ್ಯಕ್ಕೆ ಟ್ಯಾಂಕ್ ಸೋರಲಿಲ್ಲ ಅಷ್ಟೇ, ಸೋರಿದ್ರೆ ಆ ಕಟ್ಟೆ ಇದ್ದೂ ಒಂದೇ ಇಲ್ದಿದ್ರೂ ಒಂದೇ. ಆಮೇಲೆ ವಾಲ್ವಿಗೆ ಬೀಗ ಹಾಕಿ ಕೀ ನನ್ನ ಸೊಂಟಕ್ಕೆ ಕಟ್ಕೊಂಡೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಗಲಿಲ್ಲ, ಸೂರೆ ಹೋಗೋಕೆ ಮುಂಚೆ ಕಣ್ಣಿಗೆ ಬಿತ್ತು.

ಮಗನ ಆರೋಗ್ಯದ ಚಿಂತೆನೂ ನಿಮಗೆ ಇದ್ದೇ ಇರುತ್ತೆ. ಎದೆ ಮೇಲೆ ಟಿಎಲ್‌ಡಿ ಅಂತ ಒಂದು ಬ್ಯಾಡ್ಜ್ ಹಾಕ್ತಾರೆ, ಮೈಗೆ ಎಷ್ಟು ಡೋಸ್ ಬಿತ್ತು ಅಂತ ಅದು ಲೆಕ್ಕ ಇಡುತ್ತೆ. ಧೂಳಿರೋ ಕಡೆ ಮಾಸ್ಕ್ ತೆಗೀಬೇಡ, ಕೈ ತೊಳೀದೆ ಊಟಕ್ಕೆ ಕೂರಬೇಡ, ಡ್ಯೂಟಿ ಬೂಟು ರೂಮಿಗೆ ತರಬೇಡ ಅಂತ ಹೇಳಿ. ಒಳ್ಳೇ ರೇನ್‌ಕೋಟ್ ಕೊಡ್ಸಿ, ಅದು ಮಾತ್ರ ಕಂಪನಿ ಕೊಡೋದು ನೆಚ್ಕೋಬೇಡಿ.

ಪ್ರಶ್ನೆ: ನಮ್ಮ ಎಸ್ಟೇಟಲ್ಲೂ ಕಾಫಿ ಹಣ್ಣು ಸುಲಿಯೋ ಪಲ್ಪರ್ ನೀರಿನ ಕಾಟ ಇದ್ದಿದ್ದೇ, ಹೊಂಡ ಹೊಡೆದು ಸುಣ್ಣ ಹಾಕಿ ನಿಲ್ಲಿಸ್ತೀವಿ, ಹಳ್ಳಕ್ಕೆ ಬಿಡೋ ಹಾಗಿಲ್ಲ. ಯುರೇನಿಯಂ ನೀರಿಗೂ ಹಂಗೇ ಸುಣ್ಣ ಹಾಕಿ ಬಿಟ್ರೆ ಆಗಲ್ವಾ, ಅಷ್ಟೊಂದು ಕಾಲುವೆ ಗೀಲುವೆ ಯಾಕೆ? (ಮೂಡಿಗೆರೆಯ ಬೆಳೆಗಾರರು)

ಉತ್ತರ: ಅರ್ಧ ಸರಿಯಾಗೇ ಹೇಳಿದ್ರಿ. ಸುಣ್ಣ ಅಲ್ಲೂ ಹಾಕ್ತಾರೆ. ಆಸಿಡ್ ನೀರಿಗೆ ಸುಣ್ಣ ಹಾಕಿ ಪಿಎಚ್ ಹತ್ತರ ಹತ್ರ ತಂದ್ರೆ ಯುರೇನಿಯಂ, ಮ್ಯಾಂಗನೀಸ್ ಎಲ್ಲಾ ಗಸಿಯಾಗಿ ತಳ ಸೇರುತ್ತೆ. ಆದ್ರೆ ರೇಡಿಯಂ ಸುಣ್ಣಕ್ಕೆ ಬಗ್ಗಲ್ಲ. ಅದಕ್ಕೆ ಬೇರಿಯಂ ಕ್ಲೋರೈಡ್ ಹಾಕ್ತಾರೆ, ನೀರಲ್ಲಿರೋ ಸಲ್ಫೇಟ್ ಜೊತೆ ಸೇರಿ ಬೇರಿಯಂ ಸಲ್ಫೇಟ್ ಅಂತ ಬಿಳೀ ಗಸಿ ಆಗುತ್ತೆ, ಇಳಿಯುವಾಗ ರೇಡಿಯಂನೂ ಜೊತೇಲೇ ಎಳ್ಕೊಂಡು ಇಳಿಯುತ್ತೆ. ನನಗೆ ಈ ಕೆಮಿಸ್ಟ್ರಿ ಇವತ್ತಿಗೂ ಇಷ್ಟ. ರೇಡಿಯಂ ಮೇಲೆ ಇಷ್ಟು ಹಟ ಯಾಕೆ ಅಂದ್ರೆ ನಮ್ಮ ಮೈ ಅದನ್ನ ಕ್ಯಾಲ್ಸಿಯಂ ಅಂತ ತಪ್ಪು ತಿಳಿದು ಮೂಳೆಗೆ ಸೇರಿಸ್ಕೊಳ್ಳುತ್ತೆ. ಯುರೇನಿಯಂ ಸಮಾಚಾರ ಬೇರೆ, ಕುಡಿಯೋ ನೀರಲ್ಲಿ ಅದು ಮೊದಲು ಕೆಡಿಸೋದು ಕಿಡ್ನೀನ, ಅದೂ ವಿಕಿರಣದಿಂದ ಅಲ್ಲ, ಸೀಸ ಕೆಡಿಸೋ ಹಾಗೆ ರಾಸಾಯನಿಕವಾಗಿ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯೋ ನೀರಿಗೆ ಲೀಟರಿಗೆ 30 ಮೈಕ್ರೋಗ್ರಾಂ ಅಂತ ಮಿತಿ ಹೇಳಿದೆ, ನಮ್ಮ ದೇಶದ ಅಣುಶಕ್ತಿ ನಿಯಂತ್ರಣ ಮಂಡಳಿಯ ಲೆಕ್ಕ 60.

ಆದ್ರೆ ನಿಮ್ಮ ಪಲ್ಪರ್ ನೀರಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಪಲ್ಪರ್ ನೀರಲ್ಲಿರೋದು ಹಣ್ಣಿನ ಲೋಳೆ, ಸಕ್ಕರೆ, ಸ್ವಲ್ಪ ದಿನ ಬಿಟ್ರೆ ಬ್ಯಾಕ್ಟೀರಿಯಾ ತಿಂದು ಮುಗಿಸುತ್ತೆ, ವಾಸನೆ ಬಂದ್ರೂ ಕೊನೆಗೆ ಮುಗಿಯುತ್ತೆ. ರೇಡಿಯಂನ ಯಾವ ಹುಳಾನೂ ತಿನ್ನಲ್ಲ. ನೀರಿಂದ ಗಸಿಗೆ ಹೋಗುತ್ತೆ, ಗಸಿ ಮತ್ತೆ ಟೇಲಿಂಗ್ಸ್ ಕೆರೆಗೇ ಹೋಗುತ್ತೆ, ಅಷ್ಟೇ, ಎಲ್ಲಿಗೂ ಮಾಯ ಆಗಲ್ಲ. ಇನ್ನೊಂದು, ಪಲ್ಪರ್ ನಡೆಯೋದು ಹಣ್ಣು ಕುಯ್ಯೋ ಕಾಲಕ್ಕೆ, ಮಳೆ ಹಿಂದೆ ಸರಿದ ಮೇಲೆ, ಎಷ್ಟು ನೀರು ಬಿಡ್ಬೇಕು ಅನ್ನೋದು ನಿಮ್ಮ ಕೈಲಿದೆ. ಅಲ್ಲಿ ನೀರಿನ ಲೆಕ್ಕ ಆಕಾಶದ ಕೈಲಿ. ಹತ್ತು ಪಟ್ಟು ನೀರು ಬಂದ್ರೆ ಹತ್ತು ಪಟ್ಟು ಸುಣ್ಣ, ಹತ್ತು ಪಟ್ಟು ಗಸಿ. ಅದಕ್ಕೇ ಆ ಕಾಲುವೆ ಗೀಲುವೆ. ಕೊಳೆಯಾದ ನೀರು ತೊಳೆಯೋಕೆ ಆಗೋ ಖರ್ಚಲ್ಲಿ ನೂರರಲ್ಲೊಂದು ಪಾಲೂ ಬೇಡ ನೀರು ಕೊಳೆಯಾಗದ ಹಾಗೆ ತಿರುಗಿಸೋಕೆ, ಒಂದು ಜೆಸಿಬಿ ನಾಲ್ಕು ದಿನ ಸಾಕು ಅಂತ ನಾನು ಜಗಳ ಮಾಡಿದ್ದು ಎಷ್ಟು ಮೀಟಿಂಗಲ್ಲೋ.

ಅಂದ ಹಾಗೆ ತುಮ್ಮಲಪಲ್ಲೀಲಿ ಆಸಿಡ್ ಬಳಸಲ್ಲ. ಅಲ್ಲಿನ ಬಂಡೆ ಸುಣ್ಣದ ಜಾತಿದು, ಆಸಿಡ್ ಹಾಕಿದ್ರೆ ಬಂಡೇನೇ ಕುಡಿದು ಬಿಡುತ್ತೆ, ಹಾಗಾಗಿ ಸೋಡಾ, ಅಂದ್ರೆ ಸೋಡಿಯಂ ಕಾರ್ಬೊನೇಟಲ್ಲಿ ಕರಗಿಸ್ತಾರೆ. ಅಂಥ ನೀರಲ್ಲಿ ಯುರೇನಿಯಂ ಕಾರ್ಬೊನೇಟಿನ ಕೈ ಹಿಡ್ಕೊಂಡು ಕೂತಿರುತ್ತೆ, ಬರೀ ಸುಣ್ಣಕ್ಕೆ ಅಷ್ಟು ಸುಲಭಕ್ಕೆ ಬಿಡಲ್ಲ.

ಪ್ರಶ್ನೆ: ನಾನು ಹಾಸನದಲ್ಲಿ ಇಂಜಿನಿಯರಿಂಗ್ ಓದ್ತಿದ್ದೀನಿ, ಪ್ರಾಜೆಕ್ಟಿಗೆ ಇದೇ ಟಾಪಿಕ್ ತಗೊಂಡಿದ್ದೀನಿ. ಮಳೆ ನೀರಿನ ಹೊಂಡದ ಸೈಜ್ ಹೇಗೆ ಹಿಡಿಯೋದು ಸಾರ್? "100 ವರ್ಷದ ಮಳೆ" ಅಂದ್ರೆ 100 ವರ್ಷಕ್ಕೊಂದೇ ಸಲ ಬರುತ್ತೆ ಅಂತ ತಾನೆ?

ಉತ್ತರ: ಅಲ್ಲ ತಮ್ಮಾ, ಆ ಹೆಸರೇ ಜನರ ದಾರಿ ತಪ್ಸಿರೋದು. ಯಾವ ವರ್ಷ ಬೇಕಾದ್ರೂ ಬರೋಕೆ ನೂರಕ್ಕೆ ಒಂದು ಚಾನ್ಸ್ ಇದೆ ಅಂತ ಅರ್ಥ. ಪ್ಲಾಂಟ್ 25 ವರ್ಷ ನಡೆದ್ರೆ ಅಷ್ಟರಲ್ಲಿ ಒಂದು ಸಲನಾದ್ರೂ ಬರೋ ಚಾನ್ಸ್ 22 ಪರ್ಸೆಂಟ್. "10 ವರ್ಷದ ಮಳೆ"ಗೆ ಹೊಂಡ ಕಟ್ಟಿ 20 ವರ್ಷ ಪ್ಲಾಂಟ್ ನಡೆಸಿದ್ರೆ ಹೊಂಡ ಮೀರೋ ಚಾನ್ಸ್ 88 ಪರ್ಸೆಂಟ್, ಅಂದ್ರೆ ಹೆಚ್ಚುಕಮ್ಮಿ ಬಂದೇ ಬರುತ್ತೆ. ಕ್ಯಾಲ್ಕುಲೇಟರಲ್ಲಿ ನೀನೇ ನೋಡು, 0.9ನ ಇಪ್ಪತ್ತು ಸಲ ಗುಣಿಸಿ ಒಂದರಿಂದ ಕಳಿ.

ಲೆಕ್ಕ ನಮ್ಮ ಪ್ಲಾಂಟರ್‌ಗಳ ಭಾಷೇಲೇ ಹೇಳ್ತೀನಿ, ಇಲ್ಲಿ ಯಾರೂ ಮಿಲಿಮೀಟರ್ ಅನ್ನಲ್ಲ, ಫೋನ್ ಮಾಡಿದ್ರೆ ಮೊದಲ ಮಾತೇ "ನಿಮ್ಮಲ್ಲಿ ಎಷ್ಟು ಇಂಚು, ಎಷ್ಟು ಸೆಂಟು". ಒಂದು ಎಕರೆ ಮೇಲೆ ಒಂದು ಇಂಚು ಮಳೆ ಅಂದ್ರೆ ಸುಮಾರು 1.03 ಲಕ್ಷ ಲೀಟರ್. ಈಗ ಅದಿರು ಯಾರ್ಡ್, ರಸ್ತೆ, ಶೆಡ್ ಎಲ್ಲಾ ಸೇರಿ 8 ಎಕರೆ ಇದೆ ಅನ್ಕೋ. 2019ರ ಆಗಸ್ಟಲ್ಲಿ ಮೂಡಿಗೆರೆ ಕಡೆ ಗುಡ್ಡ ಕುಸೀತಲ್ಲ, ಅಂಥದೊಂದು ದಿನ, 10 ಇಂಚು ಹಿಡಿ. 82 ಲಕ್ಷ ಲೀಟರ್ ಬಿತ್ತು. ಕಾಂಕ್ರೀಟ್ ನೆಲ ಇಂಗಲ್ಲ, ಹತ್ತರಲ್ಲಿ ಒಂಬತ್ತು ಪಾಲು ಹರಿಯುತ್ತೆ, 74 ಲಕ್ಷ. ನಮ್ಮೂರಲ್ಲಿ ಬರೋ 12,000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ ಆರುನೂರಕ್ಕೂ ಮೇಲೆ ಲೋಡು, ಒಂದೇ ದಿನಕ್ಕೆ.

ಇನ್ನು ಮೇಲೆ 40 ಎಕರೆ ಗುಡ್ಡ ಇದೆ, ಅದರ ನೀರು ತಿರುಗಿಸಿಲ್ಲ ಅನ್ಕೋ. ಗಿಡ ಮರ ಇದೆ, ಅರ್ಧ ಇಂಗುತ್ತೆ, ಆದ್ರೂ 2 ಕೋಟಿ 6 ಲಕ್ಷ ಲೀಟರ್ ಬಂದು ಯಾರ್ಡಿಗೆ ನುಗ್ಗುತ್ತೆ. ಯಾರ್ಡಿನ ಸ್ವಂತ ನೀರಿಗಿಂತ ಎರಡೂಮುಕ್ಕಾಲು ಪಟ್ಟು! ಅದೂ ಬರುವಾಗ ಕುಡಿಯೋ ಹಾಗಿದ್ದ ನೀರು, ಅದಿರು ಮುಟ್ಟಿದ ಮೇಲೆ ಯಾರಿಗೂ ಬೇಡ. ನಿನ್ನ ಪ್ರಾಜೆಕ್ಟಲ್ಲಿ ಬೇರೇನೂ ಬರೀದಿದ್ರೂ ಈ ಒಂದು ಲೆಕ್ಕ ಬರಿ, ಹೊಂಡದ ಡಿಸೈನ್ ಶುರುವಾಗೋದು ಹೊಂಡದಲ್ಲಲ್ಲ, ಗುಡ್ಡದಲ್ಲಿ.

ಆಮೇಲೆ ಹುಡುಗರು ಮರೆಯೋದು ಖಾಲಿ ಮಾಡೋ ಲೆಕ್ಕ. 74 ಲಕ್ಷ ಲೀಟರ್ ತುಂಬ್ಕೊಂಡಿದೆ, ಶುದ್ಧ ಮಾಡೋ ಘಟಕ ಗಂಟೆಗೆ 50,000 ಲೀಟರ್ ತಗೊಳ್ಳುತ್ತೆ ಅಂದ್ರೆ 148 ಗಂಟೆ, ಆರು ದಿನ ಹಗಲೂ ರಾತ್ರಿ, ಕರೆಂಟ್ ಕೈ ಕೊಡದಿದ್ರೆ. ಮಲೆನಾಡಲ್ಲಿ ಜೋರು ಮಳೆ ಬಂದ್ಮೇಲೆ ಆರು ದಿನ ಬಿಡುವು ಕೊಟ್ಟಿದ್ದು ಯಾರಾದ್ರೂ ಕಂಡಿದ್ದೀರಾ? ಆಶ್ಲೇಷ ಮಳೆ ಈಸಲಾರದ ಹೊಳೆ ಅಂತ ಹಿರಿಯರು ಅಂದಿದ್ದು ಒಂದು ದಿನದ ಮಳೆ ನೋಡಿ ಅಲ್ಲ. ಒಂದು ಮಳೆಗೆ ಅಲ್ಲ, ಬೆನ್ನು ಬೆನ್ನಿಗೆ ಬರೋ ಮಳೆಗೆ ಹೊಂಡ ಕಟ್ಟು, ಮೇಲೆ ಗಾಳಿ ಅಲೆಗೆ ಅಂತ ಸ್ವಲ್ಪ ಖಾಲಿ ಏರಿ ಬಿಡು, ತಳಕ್ಕೆ ಕೃಷಿಹೊಂಡಕ್ಕೆ ಹಾಸೋ ಥರದ ಶೀಟ್, ದಪ್ಪ ಅದಕ್ಕಿಂತ ಜಾಸ್ತಿ. ಹೂಳಿಗೆ ಜಾಗ ಬಿಡೋದು ಮರೀಬೇಡ, ಯಾಕಂದ್ರೆ ರೇಡಿಯಂ ಬಹುಪಾಲು ನುಣ್ಣನೆ ಮಣ್ಣಿನ ಕಣಕ್ಕೆ ಅಂಟ್ಕೊಂಡೇ ಬರೋದು, ಹೊಂಡದ ಮುಂದೆ ಒಂದು ಚಿಕ್ಕ ಹೂಳುಗುಂಡಿ ಇದ್ರೆ ಅರ್ಧ ಕೆಲಸ ಅಲ್ಲೇ ಆಗುತ್ತೆ. ಕಾಫಿ ತೋಟದ ತೊಟ್ಟಿಲು ಗುಂಡಿ ನೋಡಿದ್ದೀಯಲ್ಲ, ಮಣ್ಣು ಹೆಂಗೆ ನಿಲ್ಲಿಸುತ್ತೆ ಅಂತ ಭಾನುವಾರ ಒಂದ್ಸಲ ಹೋಗಿ ನೋಡು.

ಪ್ರಶ್ನೆ: ಆನ್‌ಲೈನಲ್ಲಿ ವಿಕಿರಣ ಅಳೆಯೋ ಒಂದು ಗೈಗರ್ ಮೀಟರ್ ತರಿಸಿದೆ. ಮೊನ್ನೆ ಮಳೆ ಶುರುವಾದ ತಕ್ಷಣ ನಮ್ಮ ಮನೆ ಅಂಗಳದಲ್ಲೇ ರೀಡಿಂಗ್ ಏರಿಬಿಡ್ತು. ಎಲ್ಲಿಂದಾದ್ರೂ ಬರ್ತಿದ್ಯಾ? (ಚಿಕ್ಕಮಗಳೂರು)

ಉತ್ತರ: ಆಕಾಶದಿಂದಾನೇ. ಎಲ್ಲಾ ನೆಲದಿಂದಲೂ ರೇಡಾನ್ ಅನಿಲ ಸ್ವಲ್ಪ ಸ್ವಲ್ಪ ಹೊರಗೆ ಬರ್ತಾನೇ ಇರುತ್ತೆ, ಅದರಿಂದ ಹುಟ್ಟೋ ಸೀಸ, ಬಿಸ್ಮತ್ ಕಣಗಳು ಗಾಳೀಲಿ ತೇಲ್ತಿರುತ್ತೆ, ಮಳೆ ಅವನ್ನ ತೊಳೆದು ಕೆಳಗಿಳಿಸುತ್ತೆ. ಒಂದರದ್ದು 27 ನಿಮಿಷಕ್ಕೆ ಅರ್ಧ, ಇನ್ನೊಂದರದ್ದು 20 ನಿಮಿಷಕ್ಕೆ ಅರ್ಧ, ಮಳೆ ನಿಂತು ಮೂರ್ನಾಲ್ಕು ಗಂಟೆ ಬಿಟ್ಟು ನೋಡಿ, ಮಾಮೂಲಿಗೆ ಬಂದಿರುತ್ತೆ. ಪ್ಲಾಂಟಲ್ಲೂ ಹೊಸ ಹುಡುಗರು ಇದಕ್ಕೆ ಗಾಬರಿ ಬೀಳ್ತಿದ್ರು. ಮೀಟರ್ ವಾಪಸ್ ಕಳಿಸ್ಬೇಡಿ, ಮಕ್ಕಳಿಗೆ ತೋರ್ಸಿ.

ಪ್ರಶ್ನೆ: ನಾವು ಕಳಸದವರು. ಕುದುರೆಮುಖದ ಲಕ್ಯಾ ಡ್ಯಾಮ್ ಕಂಡವರು. ಅದೂ ಟೇಲಿಂಗ್ಸ್ ಕೆರೆನೇ ತಾನೇ? ಯುರೇನಿಯಂ ಕೆರೆನೂ ಅಂಥದ್ದೇನಾ, ಅಂಥಾ ಮಳೇಲಿ ಅದನ್ನ ಕಟ್ಟೋಕಾಗುತ್ತಾ?

ಉತ್ತರ: ಒಳ್ಳೇ ಪ್ರಶ್ನೆ, ಕಳಸದವರೇ ಕೇಳ್ಬೇಕಿತ್ತು. ಲಕ್ಯಾದಲ್ಲಿರೋದು ಕಬ್ಬಿಣದ ಅದಿರಿನ ಪುಡಿ, ಯುರೇನಿಯಂ ಥರದ ಚಿಂತೆ ಅಲ್ಲಿಲ್ಲ, ಅಲ್ಲಿನ ತಲೆನೋವು ಹೂಳು. ವರ್ಷಕ್ಕೆ 6,000 ಮಿಲಿಮೀಟರ್ ಮಳೆ ಹುಯ್ಯೋ ಜಾಗದಲ್ಲಿ ಗುಡ್ಡದ ಹಸಿರು ಚರ್ಮ ಸುಲಿದ್ರೆ ಭದ್ರಾ ನದಿ ಕೆಂಪಾಗದೆ ಇನ್ನೇನಾಗುತ್ತೆ. ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದ ಹಾಗೆ 2005ರ ಕೊನೆಗೆ ಗಣಿ ನಿಂತಿತು, ಸುಮಾರು ನೂರು ಮೀಟರ್ ಎತ್ತರದ ಆ ಡ್ಯಾಮ್ ಮಾತ್ರ ಅಲ್ಲೇ ಇದೆ, ಗಣಿ ನಿಂತ್ರೂ ಮಳೆ ನಿಲ್ಲಲ್ಲವಲ್ಲ.

ಅಂಥಾ ಮಳೇಲಿ ಯುರೇನಿಯಂ ನಡೆಸಿದ್ದಕ್ಕೆ ಹತ್ತಿರದ ಉದಾಹರಣೆ ಆಸ್ಟ್ರೇಲಿಯಾದ ರೇಂಜರ್ ಗಣಿ. ಉತ್ತರ ತುದೀಲಿ, ಸುತ್ತಲೂ ಕಾಕಡು ನ್ಯಾಷನಲ್ ಪಾರ್ಕ್ ಇರೋ ಜಾಗ, ನಮ್ಮ ಹಾಗೇ ಅರ್ಧ ವರ್ಷ ಮಳೆ, ಅರ್ಧ ವರ್ಷ ಒಣ. ಅವರೂ ಪ್ಲಾಂಟ್ ಒಳಗಿನ ನೀರು, ಹೊಂಡದ ನೀರು, ಬಿಡಬಹುದಾದ ನೀರು ಅಂತ ಮೂರು ಜಾತಿ ಮಾಡಿದ್ರು. 2011ರ ಜನವರೀಲಿ ಮಳೆ ಎಷ್ಟು ಜೋರಾಯ್ತು ಅಂದ್ರೆ ಕೆರೆ ಮಟ್ಟ ಮೀರಬಾರದು ಅಂತ ಪ್ಲಾಂಟನ್ನೇ ತಿಂಗಳುಗಟ್ಟಲೆ ನಿಲ್ಲಿಸಿಬಿಟ್ರು. ದುಡ್ಡು ಹೋಯ್ತು, ಆದ್ರೆ ಅದು ಸರಿಯಾದ ಕೆಲಸ ಅಂತ ನನ್ನ ಅಭಿಪ್ರಾಯ. ನಮ್ಮಲ್ಲಿ ಕೆರೆ ಕೋಡಿ ಬಿದ್ರೆ ಬಾಗಿನ ಬಿಡ್ತೀವಿ, ಈ ಕೆರೆ ಕೋಡಿ ಬಿದ್ರೆ ಪೇಪರಲ್ಲಿ ಬರುತ್ತೆ.

ಏರಿನೇ ಒಡೆದ್ರೆ? ಅದೂ ಆಗಿದೆ. ಅಮೆರಿಕದ ನ್ಯೂ ಮೆಕ್ಸಿಕೋದ ಚರ್ಚ್ ರಾಕಲ್ಲಿ 1979ರ ಜುಲೈ 16ರಂದು ಬೆಳಿಗ್ಗೆ ಟೇಲಿಂಗ್ಸ್ ಏರಿ ಒಡೆದು ಸುಮಾರು 35 ಕೋಟಿ ಲೀಟರ್ ಆಸಿಡ್ ನೀರು, ಜೊತೆಗೆ 1,100 ಟನ್ ಕೆಸರು ಪುವೆರ್ಕೋ ನದಿಗೆ ಹೋಯ್ತು, ನವಾಹೋ ಜನ ಕುರಿಗೆ ನೀರು ಕುಡಿಸ್ತಿದ್ದ ನದಿ. ಅವತ್ತು ಮಳೆಯಿಂದಲ್ಲ ಒಡೆದಿದ್ದು, ಏರಿ ಕೂತಿದ್ದ ನೆಲ ಒಂದು ಕಡೆ ಕುಸಿದು ಬಿರುಕು ಬಿಟ್ಟಿತ್ತು. ಮಳೆ ಕಮ್ಮಿ ಇರೋ ಊರು ಅಂತಾನೂ ನೆಮ್ಮದಿಯಾಗಿರೋ ಹಾಗಿಲ್ಲ. ಕಡಪ ಜಿಲ್ಲೆ ಬರದ ಸೀಮೆ, ಆದ್ರೂ 2021ರ ನವೆಂಬರಲ್ಲಿ ಅನ್ನಮಯ್ಯ ಡ್ಯಾಮಿನ ಮಣ್ಣಿನ ಏರಿ ಕೊಚ್ಕೊಂಡು ಹೋಯ್ತಲ್ಲ, ಅದು ಬರೀ ನೀರಿನ ಡ್ಯಾಮು ಅನ್ನೋದೊಂದೇ ಸಮಾಧಾನ.

ಪ್ರಶ್ನೆ: ಪ್ಲಾಂಟ್ ಮುಚ್ಚಿದ ಮೇಲೆ ಆ ರಾಶಿ ಏನ್ಮಾಡ್ತಾರೆ? (ಬೇಲೂರು)

ಉತ್ತರ: ಜೇಡಿ ಮಣ್ಣು ಹೊದಿಸಿ, ಮೇಲೆ ಕಲ್ಲು ಹಾಸಿ, ನೀರು ನಿಲ್ಲದ ಹಾಗೆ ಇಳಿಜಾರು ಕೊಟ್ಟು ಬಿಡ್ತಾರೆ. ಅಮೆರಿಕದ ಕಾನೂನಲ್ಲಿ ಹೊದಿಕೆ ಆದಷ್ಟು ಮಟ್ಟಿಗೆ 1,000 ವರ್ಷ, ಏನಿಲ್ಲ ಅಂದ್ರೂ 200 ವರ್ಷ ನಿಲ್ಲಬೇಕು ಅಂತಿದೆ. ನಿಮ್ಮೂರಿನ ಚೆನ್ನಕೇಶವ ದೇವಸ್ಥಾನಕ್ಕೆ 900 ವರ್ಷ ಆಯ್ತು, ಅದೂ ದಿನಾ ನೋಡ್ಕೊಳ್ಳೋರು ಇದ್ದು ನಿಂತಿರೋದು, ಯೋಚ್ನೆ ಮಾಡಿ. ಜಾಗ ತಪ್ಪಾದ್ರೆ ಹೊದಿಕೇನೂ ಸಾಲಲ್ಲ. ಯೂಟಾದ ಮೋಆಬಲ್ಲಿ ಕೊಲೊರಾಡೋ ನದಿ ದಂಡೇಲೇ ಸುರಿದಿದ್ದ ಸುಮಾರು 1.6 ಕೋಟಿ ಟನ್ ರಾಶೀನ 2009ರಿಂದ ರೈಲಲ್ಲಿ ತುಂಬಿ ದೂರ ಸಾಗಿಸ್ಬೇಕಾಯ್ತು.

ಪ್ರಶ್ನೆ: ನಾವು ನಾಲ್ಕು ಜನ ಪತ್ರಿಕೋದ್ಯಮ ವಿದ್ಯಾರ್ಥಿಗಳು, ಒಂದು ಪ್ಲಾಂಟ್ ನೋಡೋಕೆ ಪರ್ಮಿಷನ್ ಸಿಕ್ಕಿದೆ. ಮಳೆ ನೀರಿನ ವ್ಯವಸ್ಥೆ ಸರಿ ಇದ್ಯೋ ಇಲ್ವೋ ಅಂತ ನಮ್ಮಂಥವರು ಏನು ನೋಡಿ ಹೇಳ್ಬೋದು? (ಹಾಸನ)

ಉತ್ತರ: ಮೇ ತಿಂಗಳಲ್ಲಿ ಹೋಗಿ, ಜುಲೈಯಲ್ಲಿ ಬೇಡ. ಮೇ ಕೊನೇಲಿ ಹೊಂಡ ಖಾಲಿ ಇದ್ಯಾ ನೋಡಿ. ಬೇಸಿಗೇಲೇ ಅರ್ಧ ತುಂಬಿದ್ರೆ ಕಾಗದದಲ್ಲಿ ಎಷ್ಟು ದೊಡ್ಡ ಹೊಂಡ ಬರೆದಿದ್ರೂ ಅದು ಅರ್ಧ ಹೊಂಡಾನೇ. ಹೊಂಡದಲ್ಲಿ ಮಟ್ಟದ ಪಟ್ಟಿ ನೆಟ್ಟಿರ್ತಾರೆ, ನಂಬರ್ ಓದೋಕೆ ಬರುತ್ತಾ ಪಾಚಿ ಮುಚ್ಚಿದ್ಯಾ ನೋಡಿ, ಪಾಚಿ ಇದ್ರೆ ರಿಜಿಸ್ಟರಲ್ಲಿ ಬರೆದ ನಂಬರ್ ಎಲ್ಲಿಂದ ಬಂತು ಅಂತ ಕೇಳಿ. ಸುತ್ತುಗಾಲುವೇಲಿ ಹೂಳು ತೆಗೆದಿದ್ದಾರಾ, ಏರಿ ಮೇಲೆ ಗಿಡ ಬೆಳೆದು ಮರ ಆಗಿದ್ಯಾ, ಏರಿ ಕೆಳಗಡೆ ಎಲ್ಲಾದ್ರೂ ಒಂದೇ ಜಾಗದಲ್ಲಿ ಹುಲ್ಲು ಹಸಿರಾಗಿದ್ಯಾ, ಬೇಸಿಗೇಲಿ ಹಸಿರಿದ್ರೆ ಅಲ್ಲಿ ಸೋರ್ತಿದೆ. ಹಳ್ಳದ ನೀರಿನ ರಿಪೋರ್ಟ್ ಕೊಟ್ರೆ ಪ್ಲಾಂಟಿನ ಕೆಳಗಿನದು ಮಾತ್ರ ಅಲ್ಲ, ಮೇಲಿನದೂ ಕೇಳಿ, ಪ್ಲಾಂಟ್ ಶುರುವಾಗೋಕೆ ಮುಂಚಿನದೂ ಕೇಳಿ, ಯಾಕಂದ್ರೆ ಅದಿರಿರೋ ಊರಿನ ನೀರಲ್ಲಿ ಮೊದಲಿಂದಲೂ ಸ್ವಲ್ಪ ಯುರೇನಿಯಂ ಇರುತ್ತೆ, ಹಳೇ ನಂಬರ್ ಇಲ್ದೆ ಹೊಸ ನಂಬರ್ ಹಿಡ್ಕೊಂಡು ಇವರೂ ಜಗಳ ಆಡ್ತಾರೆ ಅವರೂ ಆಡ್ತಾರೆ, ಯಾರದ್ದೂ ಬಗೆಹರಿಯಲ್ಲ. ಆಸಿಡ್ ಟ್ಯಾಂಕ್ ಕಟ್ಟೆಯ ವಾಲ್ವಿನ ಬೀಗದ ಕೀ ಯಾರ ಹತ್ರ ಇದೆ ಅಂತಾನೂ ಕೇಳಿ, ಉತ್ತರ ಹೇಳೋಕೆ ಎಷ್ಟು ಹೊತ್ತು ತಗೋತಾರೆ ನೋಡ್ಕೊಳ್ಳಿ. ನೋಟ್ಸಿಗೆ ಜೆಲ್ ಪೆನ್ ಬೇಡ, ಮೇ ಸಂಜೆ ಗುಡುಗು ಮಳೆಗೆ ಎಲ್ಲಾ ಅಳಿಸಿ ಹೋಗುತ್ತೆ, ಪೆನ್ಸಿಲ್ ತಗೊಂಡು ಹೋಗಿ.